ಕೆಂಪಕ್ಕನ ಬದುವಿನ ಬಲೆಗಳು

ಬೀರಣ್ಣನ ಮಂಡಿ ಮುರಿದವನು ನಾನು. ಗುದ್ದಲಿಯ ಕಾವಿನಿಂದ ಹೊಡೆದೆ — ಅದೂ ಹಿಂದಿನಿಂದ. ಅವನು ನನಗೆ ಯಾವ ಕೇಡನ್ನೂ ಮಾಡಿರಲಿಲ್ಲ, ಅವನ ಹೆಂಡತಿ ಕೆಂಪಕ್ಕನೂ ಮಾಡಿರಲಿಲ್ಲ. ಊರಿನ ರೇಷ್ಮೆ ಹುಳದ ಮನೆಗಳಿಗೆಲ್ಲ ಊಜಿ ನೊಣ ತಂದು ಬಿಟ್ಟವನು ನಾನು. ಆ ತಪ್ಪನ್ನು ಅವರ ಹೊಲದ ಬದುವಿನ ಮೇಲೆ ಹೊರಿಸಿದವನೂ ನಾನೇ. ಸುಳ್ಳೆಂದು ಗೊತ್ತಿದ್ದೂ ಆ ಬದುವಿಗೆ ಬೆಂಕಿ ಹಚ್ಚಿಸಿದೆ.

ಊರಿಗೆ ಇದು ಗೊತ್ತಿಲ್ಲ. ಊರು ಹೇಳುವ ಕಥೆಯಲ್ಲಿ ನಾನು ಪುಣ್ಯಾತ್ಮ. ಬೀರಣ್ಣನನ್ನು ಟೆಂಪೋಗೆ ಎತ್ತಿ ಹಾಕಿಕೊಂಡು ಕನಕಪುರದ ಆಸ್ಪತ್ರೆಗೆ ಒಯ್ದವನು, ತಲೆ ಕೆಟ್ಟ ಗುಂಪಿನಲ್ಲಿ ತಲೆ ನೆಟ್ಟಗಿದ್ದ ಒಬ್ಬನೇ ಒಬ್ಬ. ಒಯ್ದದ್ದು ನಿಜ. ಯಾಕೆ ಒಯ್ದೆ ಎನ್ನುವುದನ್ನು ಇಷ್ಟು ವರ್ಷ ನುಂಗಿಕೊಂಡು ಬದುಕಿದ್ದೇನೆ.

ನನ್ನ ಹೆಸರು ಪುಟ್ಟಸ್ವಾಮಿ. ಕನಕಪುರ ದಾಟಿ ಉಯ್ಯಂಬಳ್ಳಿ ಕಡೆಗೆ ಹೋದರೆ ನಮ್ಮೂರು. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತಿತ್ತು. ಎತ್ತು ಮೊಂಡು ಹಿಡಿದರೆ ಎತ್ತಿಗೆ, ಪಂಪು ಕೆಟ್ಟರೆ ಪಂಪಿಗೆ, ಕೈಗೆ ಸಿಕ್ಕಿದ್ದರಿಂದ ಬಾರಿಸುತ್ತಿದ್ದೆ. ಆಗ ಮೂವತ್ತರ ಒಳಗಿನ ವಯಸ್ಸು. ಅದನ್ನು ನೆಪವಾಗಿ ಹೇಳುತ್ತಿಲ್ಲ — ಮೂವತ್ತರ ಒಳಗಿನವರು ಊರಿನಲ್ಲಿ ಇನ್ನೂ ಬೇಕಾದಷ್ಟು ಮಂದಿ ಇದ್ದರು.

ರೇಷ್ಮೆ ನಮ್ಮ ಸೀಮೆಗೆ ಹುಚ್ಚು ಹಿಡಿಸಿದ್ದ ಕಾಲ ಅದು. ರಾಗಿ ಹೊಲಗಳೆಲ್ಲ ಹಿಪ್ಪುನೇರಳೆ ತೋಟಗಳಾದವು. ಜನ ನಡುಮನೆಯನ್ನು ಹುಳದ ತಟ್ಟೆಗಳಿಗೆ ಬಿಟ್ಟುಕೊಟ್ಟು ತಾವು ಜಗುಲಿಯಲ್ಲಿ ಮಲಗಿದರು. ಹುಳ ನಾಲ್ಕನೇ ಜ್ವರ ಎದ್ದಿತೆಂದರೆ — ನಾಲ್ಕನೇ ಸಲ ಪೊರೆ ಬಿಟ್ಟು ಮೇಯಲು ಶುರು ಮಾಡಿತೆಂದರೆ — ಎಷ್ಟು ಸೊಪ್ಪು ಸುರಿದರೂ ಸಾಲದು. ಅಂಗೈ ಅಗಲ ನೆಲ ಕಂಡರೂ ಅಲ್ಲೊಂದು ಕಡ್ಡಿ ನೆಡುವ ಆಸೆ. ಮೊದಲು ಹೋದದ್ದು ಬದುಗಳು. ಅಜ್ಜ ಮುತ್ತಾತಂದಿರು ಕಲ್ಲು ಹೊತ್ತು ಹಾಕಿದ ಬದುಗಳನ್ನು ಒಂದೊಂದು ಉಳುಮೆಗೆ ಒಂದೊಂದು ಗೇಣು ಕೆರೆದು, ಕೊನೆಗೆ ಕಾಲಿಡಲೂ ಜಾಗವಿಲ್ಲದ ಹಾಗೆ ಮಾಡಿದೆವು. ನಾನು ನನ್ನ ಮೂರು ಕಡೆಯ ಬದುಗಳನ್ನೂ ಒಂದೇ ವರ್ಷದಲ್ಲಿ ಮುಗಿಸಿದೆ.

ನಾಲ್ಕನೆಯದು ನನ್ನದಾಗಿರಲಿಲ್ಲ. ನನ್ನ ಹೊಲಕ್ಕೂ ಕೆಂಪಕ್ಕನ ಹೊಲಕ್ಕೂ ನಡುವಿನ ಬದು ಅವರದು, ಎರಡು ಮಾರು ಅಗಲ. ತಂಗಡಿ, ತುಂಬೆ, ಉತ್ತರಾಣಿ, ಮಂಡಿಯೆತ್ತರದ ಹುಲ್ಲು, ನಡುವೆ ಪಾಚಿ ಹಿಡಿದ ಕಲ್ಲುಗಳು. ಬೀರಣ್ಣನದು ಕುರಿ ಸಾಕುವ ಮನೆತನ, ಹುಲ್ಲು ಅವರಿಗೆ ಬೇಕಿತ್ತು. ಆದರೆ ಕೆಂಪಕ್ಕ ಆ ಹುಲ್ಲನ್ನು ಕೊಯ್ಯುವುದರಲ್ಲೂ ಒಂದು ಲೆಕ್ಕಾಚಾರ ಇಟ್ಟಿದ್ದಳು. ಒಂದು ಸಲ ಬದುವಿನ ಈ ಮಗ್ಗುಲು ಮಾತ್ರ, ಅದು ಚಿಗುರಿದ ಮೇಲೆ ಆ ಮಗ್ಗುಲು. ಇಡೀ ಬದುವನ್ನು ಒಟ್ಟಿಗೆ ಎಂದೂ ಕೊಯ್ಯಲಿಲ್ಲ. ಬೇಸಿಗೆಯಲ್ಲಿ ಊರೆಲ್ಲ ಬದು ಸುಟ್ಟರೂ ಅವಳು ಸುಡಲಿಲ್ಲ.

“ಇದೇನಕ್ಕ, ಅರ್ಧ ತಲೆ ಬೋಳಿಸ್ದಂಗೆ?” ಎಂದು ನಾನು ಗೇಲಿ ಮಾಡುತ್ತಿದ್ದೆ.

“ಈ ಕಡೆ ಕೊಯ್ವಾಗ ಅವು ಆ ಕಡೆ ಓಯ್ತವೆ ಕಣಪ್ಪ. ಎಲ್ಡೂ ಕಡೆ ಒಂದೇ ದಿನ ಬೋಳಿಸ್ಬುಟ್ರೆ ಎಲ್ಲಿಗೋದವು?” ಎನ್ನುತ್ತಿದ್ದಳು.

ಅವು ಎಂದರೆ ಜೇಡಗಳು, ಹುಳುಗಳು. ಅವಳಿಗೆ ಅವುಗಳ ಪರಿಚಯ ನೆಂಟರ ಪರಿಚಯದಷ್ಟೇ ಇತ್ತು. ತಂಗಡಿಯಿಂದ ತಂಗಡಿಗೆ ದುಂಡನೆಯ ಬಲೆ ಕಟ್ಟಿ ನಡುವೆ ಕೂರುವ ದೊಡ್ಡ ಜೇಡ. ತುಂಬೆ ಹೂವಿನ ಮೇಲೆ ಹೂವಿನದೇ ಬಿಳುಪು ತಳೆದು ಹೊಂಚುವ ಸಣ್ಣ ಜೇಡ. ಬಲೆಯನ್ನೇ ಕಟ್ಟದೆ ನೆಲದ ಮೇಲೆ ಓಡಾಡುತ್ತ, ಮರಿಗಳನ್ನೆಲ್ಲ ಬೆನ್ನ ಮೇಲೆ ಹೊತ್ತು ತಿರುಗುವ ಬೂದು ಜೇಡ. ಕಲ್ಲು ಎತ್ತಿದರೆ ಕಪ್ಪು ಮೈಗೆ ಬಿಳಿ ಚುಕ್ಕೆ ಇಟ್ಟುಕೊಂಡ ಹೆಬ್ಬೆರಳು ಗಾತ್ರದ ಹುಳ ಓಡುತ್ತಿತ್ತು. ಮುಟ್ಟಿದರೆ ಉರಿಯುವ ನೀರು ಚಿಮ್ಮಿಸುತ್ತಿತ್ತು. ಅವಳ ಸೊಪ್ಪಿನ ಸಾಲಿನಲ್ಲಿ ಗುಲಗಂಜಿ ಹುಳಗಳು ಹಿಟ್ಟು ತಿಗಣೆಯನ್ನು ಮೇಯುವುದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ನನ್ನ ತೋಟದಲ್ಲಿ ಅದೇ ತಿಗಣೆ ಕುಡಿಗಳನ್ನೆಲ್ಲ ಮುರುಟಿಸುತ್ತಿತ್ತು. ಅವಳದು ಅಂಗೈ ಅಗಲದ ಹಸಿ ಹಸಿ ಎಲೆ. “ಅವು ನಮ್ ಆಳುಗಳು ಕಣಪ್ಪ, ಕರೀದೆ ಬತ್ತವೆ” ಎಂದು ನಗುತ್ತಿದ್ದಳು. ಆ ನಗು ಕಂಡರೆ ನನಗೆ ಮೈ ಉರಿಯುತ್ತಿತ್ತು. ಬದುವಿನಲ್ಲಿ ಅರ್ಧ ಬಿಟ್ಟುಕೊಡು ಎಂದು ಎರಡು ಸಲ ಕೇಳಿದ್ದೆ, ಎರಡು ಸಲವೂ ಇಲ್ಲ ಎಂದಿದ್ದಳು.

ಈಗ ಗೋಣಿಚೀಲದ ವಿಷಯ. ಒಂದು ಸಲ ಗೂಡು ಮಾರಿಕೊಂಡು ವಾಪಸ್ಸು ಬರುವಾಗ, ಬಿಡದಿಯ ಹತ್ತಿರ ರಸ್ತೆ ಬದಿಯಲ್ಲಿ ಒಂದು ಲಾರಿ ಕೆಟ್ಟು ನಿಂತಿತ್ತು. ದೂರದ ರಾಜ್ಯದಿಂದ ಗೂಡು ತಂದ ಲಾರಿ. ಖಾಲಿ ಚೀಲಗಳನ್ನು ಅಗ್ಗಕ್ಕೆ ಕೊಡುತ್ತಿದ್ದರು. ನಾನು ಒಂದು ಹೊರೆ ತಂದು ಹುಳದ ಮನೆಯಲ್ಲೇ ಮೂಲೆಗೆ ಒಟ್ಟಿದೆ. ಚೀಲಗಳ ತಳದಲ್ಲಿ ತೂತು ಬಿದ್ದ ಒಂದಷ್ಟು ಗೂಡುಗಳೂ, ಕಂದು ಬಣ್ಣದ ಕಾಳಿನಂಥವೂ ಇದ್ದವು. ಯಾವುದೋ ಬೀಜ ಎಂದುಕೊಂಡು ಒದರಿ, ಕಾಲಿನಿಂದ ಮೂಲೆಗೆ ಸರಿಸಿದೆ.

ಹತ್ತು ಹನ್ನೆರಡು ದಿನ ಕಳೆದಿರಬೇಕು. ಬೆಳಿಗ್ಗೆ ಸೊಪ್ಪು ಹಾಕಲು ಹೋದಾಗ ಮೂಲೆಯಲ್ಲಿ ಏನೋ ಮಿಸುಕಾಡಿತು. ಬಗ್ಗಿ ನೋಡಿದೆ. ಆ ಕಾಳುಗಳಲ್ಲೊಂದರ ತಲೆ ಬಿರಿದು, ಒಳಗಿನಿಂದ ಒದ್ದೆ ರೆಕ್ಕೆಯ ನೊಣವೊಂದು ಹೊರಗೆ ಬರುತ್ತಿತ್ತು. ಮನೆ ನೊಣಕ್ಕಿಂತ ದೊಡ್ಡದು, ಬೆನ್ನ ಮೇಲೆ ಕಪ್ಪು ಗೆರೆಗಳು. ಪಕ್ಕದಲ್ಲಿ ಎಷ್ಟೋ ಕಾಳುಗಳು ಆಗಲೇ ಬಿರಿದು ಖಾಲಿಯಾಗಿದ್ದವು. ಊಜಿಯ ಹೆಸರನ್ನು ಮಾರ್ಕೆಟ್ಟಿನಲ್ಲಿ ಕೇಳಿದ್ದೆ — ಹುಳದ ಮೈಮೇಲೆ ಮೊಟ್ಟೆ ಇಡುತ್ತದೆ, ಮರಿ ಒಳಗೆ ಹೊಕ್ಕು ಹುಳವನ್ನು ಜೀವಂತವಾಗಿ ತಿನ್ನುತ್ತದೆ ಎಂದು. ಆ ಕ್ಷಣವೇ ಗೊತ್ತಾಯಿತು. ಚೀಲಗಳನ್ನು ಹಿತ್ತಿಲಿಗೆ ಒಯ್ದು ಸುಟ್ಟೆ, ಮೂಲೆಗೆ ಸುಣ್ಣ ಬಳಿದೆ. ಹೊರಗೆ ಹೋಗಿ ‘ಅಯ್ಯಾ, ಹೀಗಾಯಿತು, ಕಿಟಕಿ ಬಾಗಿಲು ಮುಚ್ಚಿಕೊಳ್ಳಿ’ ಎಂದು ಕೂಗಿದ್ದರೆ — ಕೂಗಲಿಲ್ಲ.

ಆ ಬೆಳೆಯಲ್ಲಿ ಊರಿನ ಹುಳಗಳ ಮೈಮೇಲೆ ಕಪ್ಪು ಚುಕ್ಕೆ ಮೂಡಿತು. ಹಣ್ಣಾಗಿ ಗೂಡು ಕಟ್ಟಬೇಕಿದ್ದ ಹುಳಗಳು ತಟ್ಟೆಯಲ್ಲೇ ಕೊಳೆತವು. ಗೂಡು ಕಟ್ಟಿದವುಗಳನ್ನು ಕೊರೆದುಕೊಂಡು ಊಜಿಯ ಬಿಳಿ ಮರಿಗಳು ಚಂದ್ರಿಕೆಯ ಬಿದಿರು ತಟ್ಟಿಯಿಂದ ನೆಲಕ್ಕೆ ಉದುರಿದವು. ಹೆಂಗಸರು ತಟ್ಟೆಗಟ್ಟಲೆ ಹುಳಗಳನ್ನು ತಿಪ್ಪೆಗೆ ಸುರಿದು ಎದೆ ಎದೆ ಬಡಿದುಕೊಂಡರು. ಕೆಂಪಕ್ಕನ ಹುಳಕ್ಕೂ ಊಜಿ ಬಿತ್ತು, ಆದರೆ ನಮ್ಮಷ್ಟು ಬೀಳಲಿಲ್ಲ.

ಯಾಕೆ ಎಂದು ನನಗೆ ತಿಳಿದದ್ದು ಒಂದು ಮುಂಜಾನೆ, ಅವಳ ಬದುವಿನ ಪಕ್ಕ ನೀರು ಕಟ್ಟುವಾಗ. ಬಿಸಿಲು ಆಗಷ್ಟೇ ಬಿದ್ದು ಬಲೆಗಳೆಲ್ಲ ಕಾಣುತ್ತಿದ್ದವು. ಹತ್ತಿರ ಹೋಗಿ ನೋಡಿದರೆ ಒಂದು ಬಲೆಯಲ್ಲಿ ಮೂರು ಊಜಿ, ಇನ್ನೊಂದರಲ್ಲಿ ಐದು, ನೂಲು ಸುತ್ತಿ ಒಣಗಿಸಿಟ್ಟವು. ಕೆಳಗೆ ಆ ಬಿಳಿ ಚುಕ್ಕೆಯ ಕಪ್ಪು ಹುಳವೊಂದು ಊಜಿಯ ಬಿಳಿ ಮರಿಯನ್ನು ಕಚ್ಚಿಕೊಂಡು ಕಲ್ಲಿನ ಸಂದಿಗೆ ಎಳೆಯುತ್ತಿತ್ತು. ನನ್ನ ಮನೆಯಿಂದ ಹಾರಿದ ನೊಣಗಳನ್ನು ಆ ಬದು ಹಿಡಿದು ಹಿಡಿದು ಕೊಲ್ಲುತ್ತಿತ್ತು. ಊರಿನಲ್ಲಿ ಊಜಿಯ ವಿರುದ್ಧ ಯಾರಾದರೂ ಕೆಲಸ ಮಾಡುತ್ತಿದ್ದರೆ ಅವು ಮಾತ್ರ. ಇದನ್ನು ನಾನು ಸ್ಪಷ್ಟವಾಗಿ ಅರ್ಥ ಮಾಡಿಕೊಂಡೆ. ಅರ್ಥವಾಗದೆ ಮಾಡಿದೆ ಎಂದು ಯಾರೂ ನನ್ನ ಪರವಾಗಿ ಹೇಳಬೇಡಿ.

ಅದೇ ದಿನ ಟೀ ಅಂಗಡಿಯಲ್ಲಿ ಮಾತು ಎದ್ದಿತು. “ಈ ನೊಣ ಎಲ್ಲಿಂದ ವಕ್ಕರಿಸ್ತು ಕಣ್ಲಾ? ಯಾರೋ ತಂದವ್ರೆ. ಅವ್ನು ಸಿಕ್ಕಿದ್ರೆ ಸಿಗಿದಾಕ್ಬುಡ್ತೀನಿ” ಎಂದ ಒಬ್ಬ. ಅವನ ಮನೆಯಲ್ಲಿ ಮಗಳ ಮದುವೆ ಗೂಡಿನ ಮೇಲೆ ನಿಂತಿತ್ತು. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಗಾದೆ ಇದೆಯಲ್ಲ — ನಾನು ಹೆಗಲು ಮುಟ್ಟಿಕೊಳ್ಳಲಿಲ್ಲ, ಬೇರೆಯವರ ಹೆಗಲು ತೋರಿಸಿದೆ.

“ಯಾರ್ ತರ್ಬೇಕ್ಲಾ? ಕೆಂಪಕ್ಕನ ಬದ ನೋಡ್ರಿ. ಊರ ಹುಳ ಉಪ್ಪಟೆನೆಲ್ಲ ಅಲ್ಲೇ ಸಾಕವ್ಳೆ. ಊಜಿ ಅಲ್ಲೇ ಐತೆ, ಬನ್ರಲಾ ತೋರಿಸ್ತೀನಿ.”

ತೋರಿಸಿದೆ. ಬಲೆಗಳನ್ನು ತೋರಿಸಿದೆ. ಸತ್ತ ನೊಣಗಳನ್ನು ಬೆರಳಿನಿಂದ ಕಿತ್ತು ಅವರ ಅಂಗೈಗೆ ಹಾಕಿದೆ. ಜೇಡಗಳು ಕೊಂದಿಟ್ಟದ್ದನ್ನೇ ಅವು ಸಾಕಿದ್ದು ಎಂದೆ, ಅವರು ನಂಬಿದರು. ಮನೆಯಲ್ಲಿ ಬೆಳೆ ಸತ್ತವರಿಗೆ ಬಡಿಯಲು ಏನಾದರೂ ಬೇಕಿರುತ್ತದೆ. “ಅದ್ಕೇ ಕಣ್ಲಾ ಅವ್ಳ ಹುಳ ಉಳ್ಕೊಂಡಿರಾದು” ಎಂದ ಇನ್ನೊಬ್ಬ. ಅಲ್ಲಿಗೆ ಮುಗಿಯಿತು.

ನೆತ್ತಿಯ ಮೇಲೆ ಬಿಸಿಲು ಬರುವ ಹೊತ್ತಿಗೆ ಇಪ್ಪತ್ತು ಮೂವತ್ತು ಜನ ಮಚ್ಚು, ದೊಣ್ಣೆ, ಸೀಮೆಎಣ್ಣೆ ಡಬ್ಬ ಹಿಡಿದು ಬಂದರು. ನನ್ನ ಕೈಯಲ್ಲಿ ಗುದ್ದಲಿಯ ಕಾವು ಇತ್ತು. ಬೀರಣ್ಣ ಕುರಿಗಳನ್ನು ಬಿಟ್ಟು ಓಡಿ ಬಂದು ಬದುವಿನ ಮೇಲೆ ನಿಂತ. “ಹುಚ್ಚಿಡೀತೇನ್ರಲಾ? ಮೊದ್ಲು ನನ್ನ ಸುಟ್ಟು ಆಮೇಲೆ ಇದ್ನ ಸುಡ್ರಲಾ” ಎಂದು ಕೂಗಿದ. ಅಷ್ಟರಲ್ಲಿ ಆಚೆ ತುದಿಯಲ್ಲಿ ಯಾರೋ ಕಡ್ಡಿ ಗೀರಿದ್ದರು. ಒಣಗಿದ ಹುಲ್ಲು ಭಗ್ಗೆಂದು ಹತ್ತಿತು.

ಹುಳುಗಳು ಓಡಿ ಬಂದವು. ಅದನ್ನು ನಾನು ಮರೆತಿಲ್ಲ — ಬೆಂಕಿಯ ಮುಂದೆ ಮುಂದೆ ನೆಲವೇ ಹರಿದಾಡಿತು. ಕಪ್ಪು ಹುಳ, ಕೆಂಪು ಹುಳ, ಚಿಕ್ಕವರಿದ್ದಾಗ ನಾವು ಬೆಂಕಿಪೊಟ್ಟಣದಲ್ಲಿ ಜಾಲಿ ಸೊಪ್ಪು ಹಾಕಿ ಸಾಕುತ್ತಿದ್ದ ಹಸಿರು ಜೀರ್ಜಿಂಬೆ. ಬೂದು ಜೇಡಗಳು ಬೆನ್ನ ಮೇಲೆ ಮರಿಗಳನ್ನು ಹೊತ್ತುಕೊಂಡೇ ನಮ್ಮ ಕಾಲ ಮೇಲೆ ಹತ್ತಿದವು. ಜನ ಕುಣಿದಾಡುತ್ತ ಅವುಗಳನ್ನು ತುಳಿದರು. ತುಳಿಯುವುದರಲ್ಲಿ ಒಂದು ಸಂತೋಷ ಇತ್ತು, ನನಗೂ ಇತ್ತು. ಮೇಲೆ ಬಲೆಗಳು ಒಂದೊಂದಾಗಿ ಸುರುಟಿ ಮಾಯವಾದವು, ಬಲೆಯ ನಡುವಿನ ಜೇಡಗಳು ಕಾಲು ಮುದುಡಿ ಕೆಂಡಕ್ಕೆ ಬಿದ್ದವು.

ಬೀರಣ್ಣ ತಂಗಡಿ ರೆಂಬೆ ಮುರಿದು ಬೆಂಕಿ ಬಡಿಯುತ್ತಿದ್ದ. ಬಡಿಯುತ್ತಲೇ ನನ್ನ ಕಡೆಗೆ ಬೆನ್ನು ಹಾಕಿ ಹೇಳಿದ: “ಲೋ, ಬಲೆ ಒಸಿ ನೆಟ್ಟಗೆ ನೋಡ್ರಲಾ! ನೊಣ ಸತ್ತು ಬಿದ್ದವೆ, ಸಾಕಿದ್ರೆ ಸಾಯ್ತಿದ್ವಾ?”

ಒಬ್ಬಿಬ್ಬರು ನಿಂತು ನೋಡಿದರು. ಇನ್ನೊಂದು ಗಳಿಗೆ ಅವನಿಗೆ ಮಾತಾಡಲು ಬಿಟ್ಟಿದ್ದರೆ ಅವರಿಗೆ ಅರ್ಥವಾಗುತ್ತಿತ್ತು. ಅವರಿಗೆ ಅರ್ಥವಾದರೆ ಮುಂದಿನ ಪ್ರಶ್ನೆ — ಹಾಗಾದರೆ ಎಲ್ಲಿಂದ ಬಂತು?

ಹೊಗೆ ದಟ್ಟವಾಗಿತ್ತು. ನಾನು ಎರಡು ಹೆಜ್ಜೆ ಮುಂದಿಟ್ಟು ಕಾವನ್ನು ಎರಡೂ ಕೈಯಿಂದ ಬೀಸಿದೆ. ಮಂಡಿಯ ಪಕ್ಕಕ್ಕೆ ಬಿತ್ತು. ಒಣ ಸೌದೆ ಮುರಿದ ಸದ್ದು. ಅವನು ತಿರುಗಿ ನೋಡುವುದಕ್ಕೂ ಆಗದೆ ಮುಖ ಅಡಿಯಾಗಿ ಉರಿಯುವ ಹುಲ್ಲಿಗೆ ಬಿದ್ದ. ಒಬ್ಬ ಹೊಡೆದದ್ದೇ ತಡ, ಮಿಕ್ಕವರ ದೊಣ್ಣೆಗಳೂ ಎದ್ದವು. ಮೊದಲ ಏಟು ಯಾರದೆಂದು ಯಾರಿಗೂ ತಿಳಿಯಲಿಲ್ಲ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಾರದು ಎನ್ನುತ್ತಾರೆ. ಆದರೆ ನನ್ನದು ಸಿಟ್ಟೂ ಅಲ್ಲ. ಸಿಟ್ಟಿನವನೆಂಬ ಹೆಸರಿದ್ದ ನಾನು ಆವತ್ತು ಒಂದೇ ಸಲ ತಣ್ಣಗೆ ಯೋಚಿಸಿ ಹೊಡೆದೆ.

ಕೆಂಪಕ್ಕ ಎಲ್ಲಿಂದ ಬಂದಳೋ, ಬರಿಗೈಯಲ್ಲಿ ಬೆಂಕಿಗೆ ಕೈ ಹಾಕಿ ಅವನನ್ನು ಎಳೆದಳು. ಉರಿಯುತ್ತಿದ್ದ ಅವನ ಪಂಚೆಯನ್ನು ಅಂಗೈಯಿಂದಲೇ ಉಜ್ಜಿ ಆರಿಸಿದಳು. ಅವಳ ಕೈಯ ಚರ್ಮ ಬಟ್ಟೆಗೆ ಅಂಟಿಕೊಂಡು ಬಂತು. ಆ ಕಿರುಚಾಟಕ್ಕೆ ಗುಂಪು ಚದುರಿತು. ಇವನು ಸತ್ತರೆ ಕೊಲೆ ಕೇಸು ಎಂದು ನನಗೆ ಹೊಳೆಯಿತು. ಅದಕ್ಕೆ, ಅದಕ್ಕಾಗಿಯೇ, ಟೆಂಪೋ ತಂದು ಅವರಿಬ್ಬರನ್ನೂ ಎತ್ತಿ ಹಾಕಿದೆ. ಆಸ್ಪತ್ರೆಯಲ್ಲಿ ಕೇಳಿದಾಗ ‘ಬದು ಸುಡುವಾಗ ಜಾರಿ ಬಿದ್ದ’ ಎಂದು ಬರೆಸಿದವನೂ ನಾನೇ.

ಇಷ್ಟಕ್ಕೇ ನಿಲ್ಲಲಿಲ್ಲ. ಹದಿನೈದು ದಿನದ ಮೇಲೆ ಊರು ಸೇರಿತು. ಪೊಲೀಸರ ತನಕ ಹೋಗುವುದು ಬೇಡ, ಎರಡು ಕಡೆಯದೂ ತಪ್ಪಿದೆ, ಕೆಂಪಿ ಊರ ಮುಂದೆ ತಪ್ಪಾಯ್ತು ಎಂದು ಕೈ ಮುಗಿದುಬಿಡಲಿ ಎಂದು ತೀರ್ಮಾನವಾಯಿತು. ಗಂಡ ಆಸ್ಪತ್ರೆಯಲ್ಲಿ, ಊರಿನಲ್ಲಿ ಬದುಕಬೇಕಲ್ಲ, ಅವಳು ಬಂದು ನಿಂತಳು. ಎರಡೂ ಕೈಗೆ ಬಟ್ಟೆ ಸುತ್ತಿದ್ದರು, ಅಂಗೈ ಅಂಗೈ ಕೂಡಲಿಲ್ಲ. “ಸರಿಯಾಗಿ ಮುಗಿಯಮ್ಮಿ” ಎಂದರು ಯಾರೋ. ಅವಳು ಹಲ್ಲು ಕಚ್ಚಿ ಒತ್ತಿದಳು. ಬಟ್ಟೆಯ ಮೇಲೆ ನೀರೂ ರಕ್ತವೂ ಮೂಡಿತು. ನಾನು ಎದುರಿಗೇ ನಿಂತು ಅದನ್ನು ನೋಡಿದೆ. ಅಂದಿನಿಂದ ಅವಳಿಗೆ ಊಜಿ ಕೆಂಪಿ ಎಂದು ಹೆಸರಾಯಿತು.

ಬದು ಹೋದ ಮೇಲೆ ಊಜಿ ಹೋಗಲಿಲ್ಲ, ಇಮ್ಮಡಿಯಾಯಿತು. ತಿಗಣೆ, ಎಲೆ ಸುರುಳಿ ಹುಳ ಎಲ್ಲರ ತೋಟದಲ್ಲೂ ಏರಿದವು. ನಾನು ಔಷಧಿ ಹೊಡೆದೆ, ಅದೇ ಸೊಪ್ಪು ತಿಂದು ನನ್ನ ಹುಳಗಳು ಹಸಿರು ಕಾರಿಕೊಂಡು ಸತ್ತವು. ಇದನ್ನು ಶಿಕ್ಷೆ ಎಂದು ಎಣಿಸಿಕೊಳ್ಳುವ ಹಕ್ಕು ನನಗಿಲ್ಲ; ಎರಡು ಬೆಳೆ ಹೋದದ್ದಕ್ಕೂ ಒಂದು ಕಾಲು ಹೋದದ್ದಕ್ಕೂ ಎಲ್ಲಿಯ ಸಮ. ಬೀರಣ್ಣ ಕುಂಟುತ್ತ ಕುರಿಯ ಹಿಂದೆ ಹೋಗಲಾರದೆ ಮಂದೆಯನ್ನು ಅಣ್ಣನ ಮಕ್ಕಳಿಗೆ ಬಿಟ್ಟುಕೊಟ್ಟ, ಜಗುಲಿಯಲ್ಲಿ ಕೂತು ಕೂತು ಹಣ್ಣಾಗಿ ತೀರಿಕೊಂಡ. ಕೆಂಪಕ್ಕನ ಬೆರಳುಗಳು ಒಳಕ್ಕೆ ಮಡಚಿಕೊಂಡು ಗಟ್ಟಿಯಾದವು. ಆ ಕೈಯಲ್ಲೇ ಅವಳು ಬದುವನ್ನು ಮತ್ತೆ ಬೆಳೆಸಿದಳು. ಮೊದಲು ಹುಲ್ಲು ಬಂತು, ಆಮೇಲೆ ತುಂಬೆ. ದುಂಡನೆಯ ಬಲೆಗಳು ಕಾಣಲು ಎಷ್ಟೋ ವರ್ಷ ಬೇಕಾಯಿತು. ಚುಕ್ಕೆಯ ಕಪ್ಪು ಹುಳ ಮಾತ್ರ ಬರಲೇ ಇಲ್ಲ. ಅದು ಹಾರಲಾರದು, ಹತ್ತಿರದಿಂದ ನಡೆದು ಬರಲು ಸುತ್ತಲೂ ಇನ್ನೊಂದು ಬದುವನ್ನು ನಾವು ಉಳಿಸಿರಲಿಲ್ಲ.

ನನಗೆ ಸೊಪ್ಪು ಕಮ್ಮಿ ಬಿದ್ದಾಗ ಅವಳೇ ಎರಡು ಹೊರೆ ಕಳಿಸುತ್ತಿದ್ದಳು. ‘ನಮ್ಮನೆಯವ್ರ ಜೀವ ಉಳಿಸ್ದೋನು’ ಎನ್ನುತ್ತಿದ್ದಳು. ನಾನು ಆ ಸೊಪ್ಪನ್ನು ಬೇಡ ಎನ್ನಲಿಲ್ಲ.

ಮೊನ್ನೆ ಬೆಳಿಗ್ಗೆ ಹಾಲಿನ ಡೈರಿಯ ಮುಂದೆ ಸಾಲಿನಲ್ಲಿ ನಿಂತಿದ್ದೆ. ಕೆಂಪಕ್ಕ ಹಾಲಿನ ಕ್ಯಾನನ್ನು ಮುಂಗೈಗೆ ನೇತುಹಾಕಿಕೊಂಡು ಬಂದಳು. ಹೊಸದಾಗಿ ಮದುವೆಯಾಗಿ ಊರಿಗೆ ಬಂದ ಹುಡುಗಿಯೊಬ್ಬಳು ಪ್ರೀತಿಯಿಂದಲೇ ಜಾಗ ಬಿಟ್ಟು, “ಊಜಜ್ಜಿ, ಬನ್ನಿ, ನಿಮ್ದು ಮೊದ್ಲು ಅಳೀಲಿ” ಎಂದಳು. ಅದೇ ಅವಳ ಹೆಸರು ಎಂದುಕೊಂಡಿದ್ದಾಳೆ. ಕೆಂಪಕ್ಕ, “ಬತ್ತೀನಿ ಕಣವ್ವ” ಎಂದು ಮುಂದೆ ಹೋದಳು. ಆ ಹೆಸರಿಗೆ ಓಗೊಟ್ಟಳು. ನಾನು ಹಾಲು ಅಳೆಸದೆ ಸಾಲು ಬಿಟ್ಟು ಬಂದೆ.

ಸಂಜೆ ಅವಳ ಮನೆಗೆ ಹೋಗಿ ಎಲ್ಲ ಹೇಳಿದೆ. ಗೋಣಿಚೀಲ, ನೊಣ, ಬಲೆ. “ನನ್ ಬದದಿಂದ ಬಂದಿಲ್ಲ ಅನ್ನಾದು ನಂಗೆ ಗೊತ್ತಿತ್ತು ಬುಡು” ಎಂದಳು. ಅಲ್ಲಿಗೇ ಎದ್ದು ಬರಬಹುದಿತ್ತು. ಮೊದಲ ಏಟಿನ ವಿಷಯವನ್ನೂ ಹೇಳಿದೆ.

“ನೀನಾ?” ಎಂದಳು. ಆಮೇಲೆ, “ಮಂಡಿ ನೋಯ್ವಾಗೆಲ್ಲ ನಿನ್ನ ನೆನೆಯೋನು ಕಣೋ. ಸಾಯೋ ದಿನಾನೂ ಪುಟ್ಟಸ್ವಾಮಿ ಉಂಡ್ನಾ ಕೇಳು ಅಂದ” ಎಂದಳು. ಎಂದವಳೇ ಎದ್ದು ಮಡಚಿದ ಕೈಯಿಂದ ನನ್ನ ಮುಖಕ್ಕೆ ಹೊಡೆದಳು. ಒಂದು, ಎರಡು, ಮೂರು. ಗಂಟು ಕಟ್ಟಿದ ಬೆರಳುಗಳು ತುಟಿ ಒಡೆದವು. ಏದುಸಿರು ಬಿಡುತ್ತ ಬಾಗಿಲು ಹಿಡಿದು ನಿಂತಳು.

“ನನ್ ಕಿವೀಗ್ ಹೇಳಿ ಅಗುರಾಗ್ಬುಡಾಣ ಅಂತ ಬಂದಾ? ಊರ ಮುಂದೆ ನನ್ ಕೈ ಮುಗಿಸಿದ್ರಲ್ಲ, ಆ ಊರ್ಗೆ ಹೇಳು. ನನ್ ಬಾಗ್ಲಿಗಿನ್ ಬರ್ಬ್ಯಾಡ.”

ಅದಕ್ಕೇ ಇದನ್ನು ಬರೆದದ್ದು. ಬಾಯಲ್ಲಿ ಹೇಳಲು ಹೋದರೆ ನಡುವೆ ಎಲ್ಲಾದರೂ ಒಂದು ಮಾತು ನುಂಗಿಬಿಡುತ್ತೇನೆಂಬ ಭಯ. ನಾಳೆ ಬೆಳಿಗ್ಗೆ ಹಾಲು ಅಳೆಯುವ ಹೊತ್ತಿಗೆ ಡೈರಿಯ ಕಟ್ಟೆ ಹತ್ತಿ ಓದುತ್ತೇನೆ. ಬೀರಣ್ಣನ ಅಣ್ಣನ ಮಕ್ಕಳು ಅಲ್ಲಿರುತ್ತಾರೆ, ಗಟ್ಟಿಮುಟ್ಟಾದ ಆಳುಗಳು. ಹೊಡೆಯಲು ಬಂದರೆ ಯಾರೂ ತಡೆಯಬೇಡಿ ಎಂದು ಮೊದಲೇ ಹೇಳಿಬಿಡುತ್ತೇನೆ. ಕ್ಷಮಿಸಿ ಎಂದು ಕೇಳುವುದಿಲ್ಲ. ಅವಳ ಹೆಸರು ಊಜಿಯಲ್ಲ, ಕೆಂಪಮ್ಮ — ಅದನ್ನು ಆ ಹುಡುಗಿಗೆ ಕೇಳುವ ಹಾಗೆ ಗಟ್ಟಿಯಾಗಿ ಹೇಳುತ್ತೇನೆ. ಆಮೇಲೆ ನನ್ನ ಹೆಸರು, ಆಮೇಲೆ ನಾನು ಮಾಡಿದ್ದು.